ಹೆದ್ದಾರಿಯೂ ಊರ ದಾರಿಯೂ



ಈಚಿನ ವರ್ಷಗಳಲ್ಲಿ ‘ಕೈಗಾರಿಕಾ ಕಾರಿಡಾರ್’ ಎಂಬ ಮಾತು ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಣ್ಣಿಗೆ ಬೀಳುತ್ತದೆ. ಎರಡು ಮಹಾನಗರಗಳನ್ನು ಕೂಡಿಸುವ ಹೆದ್ದಾರಿ, ರೈಲುದಾರಿ. ಅವುಗಳ ಇಕ್ಕೆಲದಲ್ಲಿ ಅಲ್ಲಲ್ಲಿ ಭೂಮಿ, ನೀರು, ವಿದ್ಯುತ್ತುಗಳನ್ನು ಮೊದಲೇ ಸಜ್ಜುಗೊಳಿಸಿ ಎಬ್ಬಿಸುವ ಕೈಗಾರಿಕಾ ನಗರಗಳು. ಇವಿಷ್ಟೂ ಸೇರಿದರೆ ಕಾರಿಡಾರ್ ಎನಿಸುತ್ತದೆ. ದಿಲ್ಲಿ–ಮುಂಬಯಿಗಳ ನಡುವಿನದು ಇವುಗಳಲ್ಲಿ ಮೊದಲನೆಯದು. ಈಗ ದೇಶದಲ್ಲಿ ಇಂಥ ೧೧ ಕಾರಿಡಾರುಗಳ ಯೋಜನೆ ಇದೆ. ೨೦೨೪ರ ಆಗಸ್ಟ್ ತಿಂಗಳಲ್ಲಿ ಕೇಂದ್ರ ಸಂಪುಟವು ೧೨ ಹೊಸ ಕೈಗಾರಿಕಾ ನಗರಗಳಿಗೆಂದು ೨೮,೬೦೨ ಕೋಟಿ ರೂಪಾಯಿಗಳ ವೆಚ್ಚಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯವನ್ನು ಹಾದುಹೋಗುವ ರೇಖೆಗಳಲ್ಲಿ ಚೆನ್ನೈ–ಬೆಂಗಳೂರು ಮಾರ್ಗಕ್ಕೆ ತುಮಕೂರನ್ನೂ, ಬೆಂಗಳೂರು–ಮುಂಬಯಿ ಮಾರ್ಗಕ್ಕೆ ಧಾರವಾಡವನ್ನೂ ಕೇಂದ್ರಗಳೆಂದು ಗೊತ್ತುಮಾಡಲಾಗಿದೆ.

ನಕಾಶೆಯನ್ನು ಮುಂದಿಟ್ಟುಕೊಂಡು ನೋಡಿರಿ. ಬೆಂಗಳೂರು–ಮುಂಬಯಿ ರೇಖೆ ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಮೇಲೆ ಸಾಗುತ್ತದೆ. ಬಾದಾಮಿ ಆ ರೇಖೆಯಿಂದ ಸುಮಾರು ನೂರು ಕಿಲೋಮೀಟರು ಪೂರ್ವಕ್ಕೆ. ಬಾಗಲಕೋಟೆ, ಹುನಗುಂದ, ಇಳಕಲ್ಲುಗಳು ಇನ್ನೂ ಆಚೆಗೆ. ಹಾಗಾದರೆ ನಮ್ಮ ಪಾಲಿಗೆ ಬಂದದ್ದೇನು ಎಂದು ಈ ಸೀಮೆಯವರು ಕೇಳಿದರೆ ಅದು ಸಹಜವೇ. ರೇಖೆಯನ್ನು ಇತ್ತ ಕಡೆಗೆ ಹೊರಳಿಸಿರೆಂದು ಬೇಡಿಕೊಳ್ಳುವುದು ಒಂದು ಮಾರ್ಗ. ಆದರೆ ಅದಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ದೊಡ್ಡ ದಾರಿಯೊಂದು ಊರ ಮಗ್ಗುಲಲ್ಲಿ ಹಾದುಹೋದ ಮಾತ್ರಕ್ಕೆ ಆ ಊರು ಏಳಿಗೆ ಹೊಂದುವುದೆ? ಇದಕ್ಕೆ ಬಾಗಲಕೋಟೆಯ ನೆಲವೇ ಒಳ್ಳೆಯ ಸಾಕ್ಷಿ ನುಡಿಯಬಲ್ಲದು. ಏಕೆಂದರೆ ಇಲ್ಲಿಗೆ ದೊಡ್ಡ ದಾರಿಗಳು ಹೊಸವಲ್ಲ.

ಹುನಗುಂದ ಸೀಮೆಯಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಐಹೊಳೆಯನ್ನು ಇಂದು ನಾವು ಗುಡಿಗಳ ಊರೆಂದು ಬಲ್ಲೆವು. ಕ್ರಿ.ಶ. ೬೩೪ರ ರವಿಕೀರ್ತಿಯ ಶಾಸನದ ಊರೆಂದೂ ಬಲ್ಲೆವು. ಆದರೆ ಅದು ವರ್ತಕರ ಊರೂ ಆಗಿತ್ತು. ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘ ತನ್ನ ಹೆಸರನ್ನು ಪಡೆದುದು ಈ ಊರಿನಿಂದಲೇ. ಮಧ್ಯಯುಗದಲ್ಲಿ ಈ ಸಂಘದವರ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಕಾಣಸಿಗುತ್ತವೆ. ಸಿಂಹಳ ದ್ವೀಪದಲ್ಲಿಯೂ ಸಿಗುತ್ತವೆ. ಸಮುದ್ರದಾಚೆ ಸುಮಾತ್ರಾ ದ್ವೀಪದ ಬಾರುಸ್ ಎಂಬಲ್ಲಿ ದೊರೆತಿರುವ ೧೦೮೮ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಆ ಕಾಲದ ಅತಿ ಉದ್ದನೆಯ ಕಾರಿಡಾರುಗಳಲ್ಲಿ ಒಂದಕ್ಕೆ ಮಲಪ್ರಭೆಯ ದಂಡೆಯ ಈ ಊರಿನ ಹೆಸರಿತ್ತು. ಮುಂದೆ ರಾಜಧಾನಿಗಳು ಬದಲಾದವು, ಪೇಟೆಗಳು ಬೇರೆಡೆಗೆ ಸರಿದವು. ಹೆಸರು ಸಮುದ್ರ ದಾಟಿತು. ಊರು ಹಳ್ಳಿಯಾಗಿ ಉಳಿಯಿತು.

ಎರಡನೆಯ ದಾರಿ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ೧೮೭೬ರಿಂದ ೧೮೭೮ರವರೆಗಿನ ಭೀಕರ ಕ್ಷಾಮದಲ್ಲಿ ಅಂದಿನ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆ, ಎಂದರೆ ಇಂದಿನ ಬಾಗಲಕೋಟೆ ಮತ್ತು ವಿಜಯಪುರಗಳ ನೆಲ, ಕಂಡ ದುಃಖಕ್ಕೆ ಎಣೆಯಿಲ್ಲ. ಕಾಳನ್ನು ಕ್ಷಾಮದ ಊರಿಗೆ ಮುಟ್ಟಿಸಲು ರೈಲು ಬೇಕೆಂಬ ವಿಚಾರ ಆಗ ಬಲವಾಯಿತು. ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಗದಗಿನವರೆಗೆ ಮೀಟರ್ ಗೇಜ್ ಹಳಿ ಹಾಕಿದರು; ೧೮೮೪ರಲ್ಲಿ ಈ ಹಾದಿಯ ಮೇಲೆ ಗಾಡಿ ಓಡಿತು. ಕಾಳು ಒಳಗೆ ಬರಲೆಂದು ಹಾಕಿದ ಹಳಿಯ ಮೇಲೆಯೇ ಎರೆ ಹೊಲದ ಹತ್ತಿ ಹೊರಗೆ ಹೋಯಿತು; ಹೊರಗಿನ ಗಿರಣಿಯ ನೂಲೂ ಬಟ್ಟೆಯೂ ಒಳಗೆ ಬಂದವು. ರೈಲು ಬಂದುದರಿಂದ ಕ್ಷಾಮದ ಸಾವು ಕಡಿಮೆಯಾಗಲು ಸಹಾಯವಾಯಿತೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ನೂರಾನಲವತ್ತು ವರ್ಷಗಳಿಂದ ರೈಲುಮಾರ್ಗವನ್ನು ಪಡೆದಿರುವ ಈ ಸೀಮೆ ಅದರ ಬಲದಿಂದಲೇ ಕೈಗಾರಿಕೆಯ ಸೀಮೆಯಾಗಲಿಲ್ಲವೆಂಬುದೂ ಅಷ್ಟೇ ನಿಜ. ದಾರಿ ಸರಕನ್ನು ಎರಡೂ ಕಡೆಗೆ ಒಯ್ಯುತ್ತದೆ. ಊರಿನಲ್ಲಿ ಏನನ್ನು ಉಳಿಸಬೇಕೆಂಬುದನ್ನು ದಾರಿ ನಿರ್ಧರಿಸುವುದಿಲ್ಲ.

ಹಾಗಾದರೆ ನಿರ್ಧರಿಸುವುದು ಯಾವುದು? ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ ೧೯೦೯ರಲ್ಲಿ ಕಾರಖಾನೆಗಳು ಎಲ್ಲಿ ನೆಲೆಗೊಳ್ಳುತ್ತವೆ ಎಂಬುದನ್ನು ಕುರಿತು ಒಂದು ಸರಳ ಸೂತ್ರವನ್ನು ಹೇಳಿದನು. ಕಚ್ಚಾ ಮಾಲು ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವಂಥದಾದರೆ ಕಾರಖಾನೆ ಆ ಮಾಲಿನ ಬಳಿಗೇ ಬರುತ್ತದೆ; ತೂಕ ಕಳೆದುಕೊಳ್ಳದಿದ್ದರೆ ಮಾಲೇ ಕಾರಖಾನೆಯನ್ನು ಹುಡುಕಿಕೊಂಡು ಹೋಗುತ್ತದೆ. ಬಾಗಲಕೋಟೆ ಜಿಲ್ಲೆಯ ನಾಲ್ಕು ಸರಕುಗಳನ್ನು ಈ ಸೂತ್ರದಿಂದ ಅಳೆದು ನೋಡೋಣ.

ಮೊದಲನೆಯದು ಸುಣ್ಣದ ಕಲ್ಲು. ಕಲಾದಗಿ, ಬಾಗಲಕೋಟೆ, ಮುಧೋಳಗಳ ನೆಲದಡಿಯಲ್ಲಿ ಇದು ಹೇರಳವಾಗಿದೆ. ಭಟ್ಟಿಯಲ್ಲಿ ಸುಟ್ಟಾಗ ಈ ಕಲ್ಲಿನ ತೂಕದಲ್ಲಿ ನೂರಕ್ಕೆ ನಲವತ್ತು ಪಾಲಿನಷ್ಟು ಅನಿಲವಾಗಿ ಹಾರಿಹೋಗುತ್ತದೆ. ಹಾರಿಹೋಗುವ ತೂಕಕ್ಕೆ ಬಾಡಿಗೆ ಕೊಟ್ಟು ದೂರ ಸಾಗಿಸುವವರು ಯಾರು? ಆದುದರಿಂದಲೇ ೧೯೫೦ರ ದಶಕದಲ್ಲಿ ಬಾಗಲಕೋಟೆಗೆ ಸಿಮೆಂಟು ಕಾರಖಾನೆ ಬಂದಿತು. ನಮ್ಮ ಕಾಲದಲ್ಲಿ ಮುಧೋಳ ತಾಲೂಕಿನ ಮುದ್ದಾಪುರಕ್ಕೂ ಬಂದಿದೆ. ಎರಡನೆಯದು ಕಬ್ಬು. ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯದಿದ್ದರೆ ಅದರ ಸಕ್ಕರೆ ಇಳಿಯಲಾರಂಭಿಸುತ್ತದೆ. ಆದುದರಿಂದ ಘಟಪ್ರಭೆ ಮತ್ತು ಕೃಷ್ಣೆಯ ದಂಡೆಗಳ ಮುಧೋಳ, ಜಮಖಂಡಿ ಕಡೆಗಳಲ್ಲಿ ಸಕ್ಕರೆ ಕಾರಖಾನೆಗಳು ಹೊಲಗಳ ನಡುವೆಯೇ ಎದ್ದಿವೆ. ಈ ಎರಡನ್ನೂ ಯಾವ ಕಾರಿಡಾರೂ ತಂದುದಲ್ಲ. ನೆಲವೂ ನೀರೂ ಹಿಡಿದು ನಿಲ್ಲಿಸಿದವು.

ಮೂರನೆಯದು ಇಳಕಲ್ಲಿನ ಕೆಂಪು ಗ್ರಾನೈಟ್. ಇದರ ಕಥೆ ಬೇರೆ. ಬಂಡೆಯನ್ನು ಸೀಳಿ ಚೌಕವಾಗಿ ಕಡಿದ ಮೇಲೆ ಅದು ಎಷ್ಟು ದೂರ ಪಯಣ ಮಾಡಿದರೂ ಕೆಡುವುದಿಲ್ಲ. ಆದುದರಿಂದ ಹಾದಿ ಸರಾಗವಾದಷ್ಟೂ ಬಂಡೆಯು ಬಂಡೆಯಾಗಿಯೇ ಬಂದರನ್ನು ಸೇರುವುದು ಸುಲಭವಾಗುತ್ತದೆ. ಇಳಕಲ್ಲಿನಲ್ಲಿ ಕಲ್ಲನ್ನು ಹಲಗೆಯಾಗಿ ಕೊಯ್ದು ಹೊಳಪು ಕೊಡುವ ಘಟಕಗಳು ಇಲ್ಲವೆಂದಲ್ಲ, ಇವೆ. ಆದರೆ ಕಲ್ಲಿನ ನಿಜವಾದ ಬೆಲೆ ಏರುವುದು ಕೊಯ್ತ, ಹೊಳಪು, ಕೆತ್ತನೆಗಳಲ್ಲಿ. ಆ ಕೆಲಸ ಎಲ್ಲಿ ನಡೆಯುವುದೋ ಕೂಲಿಯೂ ಲಾಭವೂ ಅಲ್ಲಿಯೇ ನಿಲ್ಲುತ್ತವೆ. ಕ್ವಾರಿಯ ಊರಿಗೆ ಉಳಿಯುವುದು ಹೊಂಡ ಮತ್ತು ದೂಳು. ಇಲ್ಲಿ ಒಳ್ಳೆಯ ರಸ್ತೆಯೊಂದೇ ಇದ್ದು ವಿದ್ಯುತ್ತು, ತರಬೇತಿ, ಸಾಲ ಇಲ್ಲದಿದ್ದರೆ ರಸ್ತೆಯಿಂದ ಊರಿಗೆ ನಷ್ಟವೇ ಆಗಬಹುದೆಂಬುದನ್ನು ಗಮನಿಸಬೇಕು.

ನಾಲ್ಕನೆಯದು ಇಳಕಲ್ಲ ಸೀರೆ. ವೇಬರನ ಸೂತ್ರಕ್ಕೆ ಇದು ಸಿಕ್ಕುವುದಿಲ್ಲ. ಸೀರೆ ಹಗುರ, ನೂಲೂ ರೇಷ್ಮೆಯೂ ಹೊರಗಿನಿಂದ ಬರುತ್ತವೆ, ಮಗ್ಗವನ್ನು ಎಲ್ಲಿಯಾದರೂ ಹೂಡಬಹುದು. ಆದರೂ ಈ ಕಸುಬು ಇದೇ ಊರಲ್ಲಿ ತಲೆಮಾರುಗಳಿಂದ ಏಕೆ ನಿಂತಿದೆ? ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಂದೇ ಉದ್ದನೆಯ ಹಾಸು ಹಾಕಿ ಹತ್ತು ಸೀರೆ ನೇಯ್ದು ಕತ್ತರಿಸುವಂತಿಲ್ಲ. ಒಂದೊಂದು ಸೀರೆಗೂ ಒಂದೊಂದು ಹಾಸು. ನೂಲಿಗೆ ಬಣ್ಣ ಹಾಕುವವರು, ಕಂಡಿಕೆ ಸುತ್ತುವ ಹೆಣ್ಣುಮಕ್ಕಳು, ಹಾಸು ಹೂಡುವವರು, ಕೊಂಡಿ ಹಾಕುವವರು, ನೇಯುವವರು, ಕೊಳ್ಳುವ ಸಾವಕಾರರು: ಇವರೆಲ್ಲ ಒಂದೇ ಊರಿನ ಓಣಿಗಳಲ್ಲಿ ಒಬ್ಬರಿಗೊಬ್ಬರು ಕೂಗಳತೆಯಲ್ಲಿ ಇರುವುದೇ ಈ ಕೈಗಾರಿಕೆಯ ಬಂಡವಾಳ. ಗುಳೇದಗುಡ್ಡದ ಕುಪ್ಪಸದ ಖಣದ ಮಾತೂ ಇದೇ. ಕಲ್ಲನ್ನು ಲಾರಿಯಲ್ಲಿ ಒಯ್ಯಬಹುದು, ಓಣಿಯನ್ನು ಒಯ್ಯಲಾಗುವುದಿಲ್ಲ. ಆದರೆ ಓಣಿಯೂ ಅಳಿಯಬಹುದು. ಅಗ್ಗದ ಮಗ್ಗದ ಅನುಕರಣೆ ಪೇಟೆಗೆ ಬಂದು, ನೇಕಾರನ ಮಗ ಗುಳೆ ಹೋದವರ ಸಂಗಡ ಗೋವೆಗೋ ಮಂಗಳೂರಿಗೋ ಬೆಂಗಳೂರಿಗೋ ಗಾರೆ ಕೆಲಸಕ್ಕೆ ಹೊರಟುಹೋದರೆ, ಕೊಂಡಿ ಹಾಕುವ ಬೆರಳುಗಳು ಒಂದೇ ತಲೆಮಾರಿನಲ್ಲಿ ಮರೆಯಾಗುತ್ತವೆ.

ಶ್ರೋತೃಗಳೇ, ಇಷ್ಟು ಹೊತ್ತು ಸರಕಿನ ಮಾತು ಹೇಳಿದೆ. ಇನ್ನು ನೆಲ ಕೊಟ್ಟವರ ಮಾತು. ೧೯೬೪ರ ಮೇ ತಿಂಗಳಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ಇಂದು ಅವರ ಹೆಸರನ್ನೇ ಹೊತ್ತಿರುವ ಜಲಾಶಯ ೫೧೯.೬ ಮೀಟರಿನ ಮಟ್ಟದಲ್ಲಿ ಸುಮಾರು ೧೨೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಅಣೆಕಟ್ಟಿನ ಬುಡದ ವಿದ್ಯುದಾಗಾರದ ಶಕ್ತಿ ೨೯೦ ಮೆಗಾವಾಟ್. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿರುವ ೨,೪೦೦ ಮೆಗಾವಾಟಿನ ಉಷ್ಣ ಸ್ಥಾವರಕ್ಕೂ ನೀರು ಇದೇ ಜಲಾಶಯದ್ದು. ಕೆಳಗಿನ ನಾರಾಯಣಪುರದ ಕಾಲುವೆಗಳಿಂದ ಯಾದಗಿರಿ, ರಾಯಚೂರು, ಕಲಬುರ್ಗಿ ಕಡೆಗಳ ಒಣನೆಲ ಹಸಿರಾಯಿತು. ನಾಡಿಗೆ ಇದು ಸಂಪತ್ತು. ಆದರೆ ಹಿನ್ನೀರು ಘಟಪ್ರಭೆಯಗುಂಟ ಏರಿ ಬಂದು ಹಳೆಯ ಬಾಗಲಕೋಟೆಯ ಓಣಿಗಳನ್ನೂ ಸುತ್ತಲಿನ ಹಳ್ಳಿಗಳ ಎರೆ ಹೊಲಗಳನ್ನೂ ನುಂಗಿತು. ಮುಳುಗುವ ಊರಿಗೆ ಬದಲಾಗಿ ಹೊಸ ಊರನ್ನು ಕಟ್ಟಲೆಂದೇ ೧೯೮೩ರಲ್ಲಿ ಪ್ರತ್ಯೇಕ ಕಾನೂನು ಮಾಡಿ ಪ್ರಾಧಿಕಾರವೊಂದನ್ನು ನೇಮಿಸಬೇಕಾಯಿತು. ಸೆಕ್ಟರು ಸೆಕ್ಟರಾಗಿ, ಅಗಲವಾದ ಬೀದಿಗಳಿಂದ ಎದ್ದ ನವನಗರ ಅದರ ಫಲ.

ನವನಗರವನ್ನು ನೋಡಿದವರು ಅದರ ಅಚ್ಚುಕಟ್ಟನ್ನು ಮೆಚ್ಚುತ್ತಾರೆ. ಮೆಚ್ಚತಕ್ಕದ್ದೇ. ಆದರೆ ಮನೆಗೆ ಬದಲು ನಿವೇಶನ ಕೊಡುವುದು ಸುಲಭ, ಪೇಟೆಗೆ ಬದಲು ಪೇಟೆ ಕೊಡುವುದು ಕಷ್ಟ. ಪೇಟೆಯೆಂದರೆ ಬರಿಯ ಅಂಗಡಿ ಸಾಲಲ್ಲ. ಯಾವ ಹಳ್ಳಿಯ ಗಿರಾಕಿ ಯಾವ ಅಂಗಡಿಗೆ ಬರುವನು, ಯಾರು ಯಾರಿಗೆ ಉದ್ದರಿ ಕೊಡುವರು ಎಂಬ ಬಳಕೆ. ಅದು ಒಮ್ಮೆ ಮುರಿದರೆ ಕೂಡಲು ವರ್ಷಗಳು ಬೇಕು. ಈಗ ಅದೇ ಯೋಜನೆಯ ಮೂರನೆಯ ಹಂತದಲ್ಲಿ ನೀರಿನ ಮಟ್ಟವನ್ನು ೫೨೪.೨೫೬ ಮೀಟರಿಗೆ ಏರಿಸಬೇಕಾಗಿದೆ. ಅದಕ್ಕಾಗಿ ಇನ್ನೂ ೭೫ ಸಾವಿರ ಎಕರೆಗಿಂತ ಹೆಚ್ಚು ಭೂಮಿ ಮುಳುಗುವುದು. ಮುಳುಗುವ ನೀರಾವರಿ ಭೂಮಿಗೆ ಎಕರೆಗೆ ೪೦ ಲಕ್ಷ, ಒಣಭೂಮಿಗೆ ೩೦ ಲಕ್ಷ ರೂಪಾಯಿ ಕೊಡಬೇಕೆಂದು ೨೦೨೫ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ನಿರ್ಧರಿಸಿತು. ಹಣ ದೊಡ್ಡದೇ. ಆದರೆ ಹೊಲ ವರ್ಷಕ್ಕೊಮ್ಮೆ ಬೆಳೆ ಕೊಡುತ್ತಿತ್ತು. ಹಣ ಒಮ್ಮೆ ಮಾತ್ರ ಕೈಗೆ ಬರುತ್ತದೆ. ಆ ಹಣವನ್ನು ಹೂಡಿ ದುಡಿಯಲು ಸ್ಥಳದಲ್ಲಿ ಕಸುಬು ಇಲ್ಲದೆ ಹೋದರೆ ಒಂದು ಲಗ್ನ, ಒಂದು ಮನೆ, ಒಂದು ಮೋಟಾರು ಗಾಡಿಯಲ್ಲಿ ಅದು ಕರಗಿಹೋಗುವುದನ್ನು ಯಾರು ತಡೆದಾರು?

ಪ್ರಾದೇಶಿಕ ಅಸಮತೋಲದ ವಿಚಾರ ನಮ್ಮ ಸರ್ಕಾರಕ್ಕೆ ಹೊಸದಲ್ಲ. ೨೦೦೦ದಲ್ಲಿ ನೇಮಕವಾದ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ೨೦೦೨ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಅಂದಿನ ೧೭೫ ತಾಲೂಕುಗಳನ್ನು ೩೫ ಸೂಚಕಗಳಿಂದ ಅಳೆದು ೧೧೪ ತಾಲೂಕುಗಳು ಹಿಂದುಳಿದವೆಂದು ಅದು ತೋರಿಸಿತು. ಅವುಗಳಲ್ಲಿ ೩೯ ಅತ್ಯಂತ ಹಿಂದುಳಿದವು. ಈ ವರದಿಯ ದೊಡ್ಡ ಉಪಕಾರವೆಂದರೆ ಜಿಲ್ಲೆಯ ಸರಾಸರಿಯ ಮರೆಯಲ್ಲಿ ಅಡಗಿದ್ದ ತಾಲೂಕನ್ನು ಬೆಳಕಿಗೆ ತಂದುದು. ಮುಧೋಳದ ಕಬ್ಬಿನ ಹಣವನ್ನೂ ಹುನಗುಂದದ ಮಳೆ ನಂಬಿದ ಹೊಲವನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಅಂಕಿ ಎರಡೂ ಊರಿನದಾಗುವುದಿಲ್ಲ. ೨೦೨೪ರಲ್ಲಿ ಪ್ರೊ. ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೊಂದು ಈ ಕೆಲಸಕ್ಕೆ ಮತ್ತೆ ನೇಮಕವಾಯಿತು. ಅಳೆಯುವುದು ಅವಶ್ಯ, ಆದರೆ ಅಳತೆಯೇ ಔಷಧವಲ್ಲ.

ಈ ವಿಷಯದಲ್ಲಿ ಇಟಲಿ ದೇಶದ ಅನುಭವ ನಮಗೆ ಪಾಠವಾಗಬಲ್ಲದು. ಅಲ್ಲಿ ಉತ್ತರ ಶ್ರೀಮಂತ, ದಕ್ಷಿಣ ಬಡದು. ೧೯೫೦ರಲ್ಲಿ ದಕ್ಷಿಣದ ಉದ್ಧಾರಕ್ಕಾಗಿಯೇ ಅಲ್ಲಿನ ಸರ್ಕಾರ ವಿಶೇಷ ನಿಧಿಯೊಂದನ್ನು ಸ್ಥಾಪಿಸಿತು. ರಸ್ತೆ, ಅಣೆಕಟ್ಟು, ನೀರಾವರಿಗಳಾದವು. ೧೯೬೦ರ ದಶಕದಲ್ಲಿ ತಾರಾಂತೊ ಎಂಬಲ್ಲಿ ಭಾರಿ ಉಕ್ಕಿನ ಕಾರಖಾನೆಯೂ ಎದ್ದಿತು. ಆದರೆ ಸುತ್ತಲಿನ ಊರುಗಳ ಕಸುಬುಗಳೊಡನೆ ಬೆಸುಗೆಯಿಲ್ಲದ ಇಂಥ ಕಾರಖಾನೆಗಳನ್ನು ಅಲ್ಲಿಯ ಜನ ‘ಮರುಭೂಮಿಯ ಇಗರ್ಜಿಗಳು’ ಎಂದು ಕರೆದರು. ಅದೇ ದೇಶದ ಪ್ರಾತೊ ಎಂಬ ನೇಕಾರರ ಊರಿನಲ್ಲಿ ಬೇರೊಂದು ಬಗೆ ನಡೆಯಿತು. ನೂಲುವವರು, ಬಣ್ಣ ಹಾಕುವವರು, ನೇಯುವವರು, ಮೆರುಗು ಕೊಡುವವರು ಸಣ್ಣ ಸಣ್ಣ ಘಟಕಗಳಾಗಿ ನಿಂತು, ಒಬ್ಬರ ಕೆಲಸವನ್ನು ಮತ್ತೊಬ್ಬರು ಮುಂದುವರಿಸಿ ತಮ್ಮ ಉಣ್ಣೆಯ ಬಟ್ಟೆಯನ್ನು ಲೋಕದ ಪೇಟೆಗೆ ಮುಟ್ಟಿಸಿದರು. ಪ್ರಾತೊ ಊರಿನ ವ್ಯವಸ್ಥೆ ಕೇಳಿದರೆ ನಮ್ಮ ಇಳಕಲ್ಲು, ಗುಳೇದಗುಡ್ಡಗಳು ನೆನಪಿಗೆ ಬರುವುದಿಲ್ಲವೆ?

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸೀಮೆ ಕೇಳಬೇಕಾದುದೇನು ಎಂಬುದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ.

ಮೊದಲನೆಯದು, ಅಡ್ಡದಾರಿಗಳು. ಸೊಲ್ಲಾಪುರದಿಂದ ಚಿತ್ರದುರ್ಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಹುನಗುಂದ, ಇಳಕಲ್ಲುಗಳನ್ನು ಈಗಲೇ ಮುಟ್ಟುತ್ತದೆ. ಗದಗ–ವಾಡಿ ಹೊಸ ಮಾರ್ಗದ ರೈಲು ೨೦೨೫ರಲ್ಲಿ ನೆರೆಯ ಕುಷ್ಟಗಿಯವರೆಗೆ ಬಂದಿದೆ. ಹಳೆಯ ಗದಗ–ಹೋಟಗಿ ಹಳಿ ಈ ಶತಮಾನದ ಮೊದಲ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ೨೦೧೦ರಲ್ಲಿ ಮಂಜೂರಾದ ಬಾಗಲಕೋಟೆ–ಕುಡಚಿ ಮಾರ್ಗ ಸುಮಾರು ೧೪೨ ಕಿಲೋಮೀಟರಿನದು. ಅದರ ಮೊದಲ ತುಂಡು ಖಜ್ಜಿಡೋಣಿಯವರೆಗೆ ಆಗಿ, ಮುಂದಿನದು ಬಹಳ ನಿಧಾನವಾಗಿ ಸಾಗಿತು. ಹೊಸ ಮಹಾರೇಖೆಗಾಗಿ ಕಾಯುವುದಕ್ಕಿಂತ ಈ ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಧಾರವಾಡದ ಕೇಂದ್ರಕ್ಕೆ ಗಟ್ಟಿಯಾದ ಒಂದು ಅಡ್ಡದಾರಿ ಮಾಡಿಸಿಕೊಳ್ಳುವುದು ಹೆಚ್ಚು ಲಾಭದಾಯಕ.

ಎರಡನೆಯದು, ಬೆಲೆ ಏರುವ ಕೆಲಸ ಊರಿನಲ್ಲಿಯೇ ನಡೆಯಬೇಕು. ಕಲ್ಲಿಗೆ ಹೊಳಪು, ಸೀರೆಗೆ ಬಣ್ಣದ ಮನೆ ಮತ್ತು ನೂಲಿನ ಕೋಠಿ, ದಾಳಿಂಬೆ ದ್ರಾಕ್ಷಿಗಳಿಗೆ ಶೀತಾಗಾರ: ಇವು ದೊಡ್ಡ ಕಾರಖಾನೆಗಳಲ್ಲ, ಆದರೆ ಕೂಲಿಯನ್ನು ಊರಿನಲ್ಲಿ ಉಳಿಸುತ್ತವೆ. ಇದಕ್ಕೆ ಬೇಕಾದ ವಿದ್ಯೆ ಇಲ್ಲಿಯೇ ಇದೆ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ೧೯೬೩ರಿಂದ ನಡೆದುಬಂದಿದೆ. ತೋಟಗಾರಿಕಾ ವಿಶ್ವವಿದ್ಯಾಲಯ ೨೦೦೮ರಿಂದ ಇದೆ. ಈ ವಿದ್ಯಾಸಂಸ್ಥೆಗಳಿಗೂ ಕ್ವಾರಿ, ಮಗ್ಗ, ತೋಟಗಳಿಗೂ ನಡುವೆ ಓಡಾಟ ಹೆಚ್ಚಬೇಕು.

ಮೂರನೆಯದು, ಎಲ್ಲಿ ಕಟ್ಟಬಾರದು ಎಂಬುದನ್ನೂ ಯೋಜನೆ ಹೇಳಬೇಕು. ಬಾದಾಮಿಯ ಬಂಡೆಗಳು, ಅಗಸ್ತ್ಯ ತೀರ್ಥ, ಐಹೊಳೆಯ ಗುಡಿಗಳು, ೧೯೮೭ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಇವೆಲ್ಲ ಸುಮಾರು ಮೂವತ್ತೈದು ಕಿಲೋಮೀಟರಿನ ಒಂದೇ ಹಾದಿಯ ಮೇಲಿವೆ. ೨೦೧೫ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಹೃದಯ’ ಯೋಜನೆಯ ೧೨ ಪಟ್ಟಣಗಳಲ್ಲಿ ಬಾದಾಮಿಯೂ ಒಂದಾಗಿತ್ತು. ಆ ಯೋಜನೆ ೨೦೧೯ರಲ್ಲಿ ಮುಗಿಯಿತು. ನೋಡಲು ಬಂದವರು ಮಧ್ಯಾಹ್ನ ಬಂದು ಸಂಜೆಗೆ ಮರಳಿದರೆ ಊರಿಗೆ ಸಿಕ್ಕುವುದು ಚಹದ ದುಡ್ಡು. ಎರಡು ರಾತ್ರಿ ತಂಗಿ, ಗುಳೇದಗುಡ್ಡದ ಖಣವನ್ನೂ ಇಳಕಲ್ಲ ಸೀರೆಯನ್ನೂ ನೇಯ್ದ ಮನೆಯಲ್ಲಿಯೇ ಕೊಳ್ಳುವಂತಾದರೆ ಅದೂ ಒಂದು ಕಾರಿಡಾರೇ ಸರಿ. ಅದಕ್ಕೆ ಕಲ್ಲುಕ್ವಾರಿಯ ಸಿಡಿಮದ್ದು ಗುಡಿಗಳಿಂದ ದೂರವಿರಬೇಕು.

ನಾಲ್ಕನೆಯದು, ಯೋಜನೆ ಮಾಡುವವರು ಯಾರೆಂಬ ಪ್ರಶ್ನೆ. ೧೯೫೧ರಲ್ಲಿ ಪಂಚವಾರ್ಷಿಕ ಯೋಜನೆಗಳು ಮೊದಲಾದಾಗ ಯೋಜನೆ ಎಂಬುದು ದಿಲ್ಲಿಯ ಕೆಲಸವಾಗಿತ್ತು. ೨೦೧೫ರಲ್ಲಿ ಯೋಜನಾ ಆಯೋಗ ಹೋಗಿ ನೀತಿ ಆಯೋಗ ಬಂದಿತು. ಆದರೆ ೧೯೯೩ರಲ್ಲಿ ಜಾರಿಗೆ ಬಂದ ಸಂವಿಧಾನದ ೭೪ನೆಯ ತಿದ್ದುಪಡಿ ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕೆಂದು ವಿಧಿಸಿದೆ. ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಪಂಚಾಯತಿ, ಪುರಸಭೆಗಳ ಚುನಾಯಿತರೇ ಆಗಿರಬೇಕು. ಹಳ್ಳಿಯ ನೀರು, ಪಟ್ಟಣದ ನೆಲ, ಎರಡರ ಲೆಕ್ಕವನ್ನೂ ಕೂಡಿಸಿ ಜಿಲ್ಲೆಗೆ ಒಂದೇ ಯೋಜನೆ ಮಾಡುವುದು ಅದರ ಹೊಣೆ. ಈ ಸಮಿತಿ ವರ್ಷಕ್ಕೊಮ್ಮೆ ಸಹಿ ಹಾಕಿ ಎದ್ದುಹೋಗುವ ಸಭೆಯಾಗದೆ, ಮುಳುಗಡೆಯ ರೈತನನ್ನೂ ಕೊಂಡಿ ಹಾಕುವ ಹೆಣ್ಣುಮಗಳನ್ನೂ ಕರೆದು ಕೂರಿಸಿ ಕೇಳುವ ಸಭೆಯಾದರೆ, ಕಾರಿಡಾರ್ ಎಲ್ಲಿ ಹಾದುಹೋದರೂ ನಮ್ಮ ಸೀಮೆ ಅದರಿಂದ ತನಗೆ ಬೇಕಾದುದನ್ನು ಪಡೆದುಕೊಳ್ಳಬಲ್ಲದು.

ದೊಡ್ಡ ದಾರಿ ಬೇಡವೆಂದು ನಾನು ಹೇಳುತ್ತಿಲ್ಲ. ಬರಲಿ. ಆದರೆ ಅದು ಬಂದ ದಿನ ನಮ್ಮ ಊರಿನಲ್ಲಿ ಕಲ್ಲು ಕೊಯ್ಯುವ ಯಂತ್ರ, ಬಣ್ಣದ ಮನೆ, ನುರಿತ ಕೈ ಮತ್ತು ಅದಕ್ಕೆ ಒಪ್ಪುವ ಕೂಲಿ ಸಿದ್ಧವಾಗಿರಬೇಕು. ಇಲ್ಲವಾದರೆ ಮೊದಲು ಹೋಗುವುದು ಕಲ್ಲು, ಅದರ ಹಿಂದೆಯೇ ಹೋಗುವವರು ನಮ್ಮ ಮಕ್ಕಳು.